ಹಾಡು ಗೊತ್ತಿದ್ದವರು ಬೆರೆಸಿದರೆ ಕೆಡುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಫ್ಯೂಷನ್ ಸಂಗೀತದ ಬಗ್ಗೆ ಬಂದ ಲೇಖನ ಓದಿದೆ. ಎರಡು ಸಂಪ್ರದಾಯ ಬೆರೆಸಿದರೆ ಎರಡೂ ಕೆಡುತ್ತವೆ, ಆದ್ದರಿಂದ ಅವರವರ ಸಂಗೀತ ಅವರವರ ಹತ್ತಿರ ಇರಲಿ ಅನ್ನೋದು ಅದರ ಸಾರ. ಅರ್ಧ ಒಪ್ಪುತ್ತೇನೆ. ಉಳಿದ ಅರ್ಧಕ್ಕೆ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ. ಸಂಗೀತದ ವಿಷಯವನ್ನು ನಾಲ್ಕು ಸಾಲಿನಲ್ಲಿ ಹೇಳಿದರೆ ಇಷ್ಟವಾಯಿತು, ಆಗಲಿಲ್ಲ ಅನ್ನುವುದಷ್ಟೇ ಉಳಿಯುತ್ತದೆ, ಯಾಕೆ ಅನ್ನುವುದು ಹೊರಗೇ ಇರುತ್ತದೆ.

ಲೇಖಕರ ಸಿಟ್ಟು ನನಗೆ ಅರ್ಥವಾಗುತ್ತದೆ. ಬೆಂಗಳೂರಿನಲ್ಲಿ ಫ್ಯೂಷನ್ ಅಂದ ಕೂಡಲೇ ಒಂದು ಸಿದ್ಧ ಅಚ್ಚು ಬಂದುಬಿಡುತ್ತದೆ. ಒಂದು ಆಲಾಪ, ಅದರ ಕೆಳಗೆ ಕೀಬೋರ್ಡಿನ ಒಂದೇ ಕಾರ್ಡ್ (ಮೂರು ನಾಲ್ಕು ಸ್ವರ ಒಟ್ಟಿಗೆ ಒತ್ತುವುದು), ಐದನೇ ನಿಮಿಷಕ್ಕೆ ಡ್ರಮ್ ಸೆಟ್, ಆಮೇಲೆ ಮೃದಂಗಕ್ಕೂ ಡ್ರಮ್ಮಿಗೂ ಸವಾಲ್ ಜವಾಬ್, ವೇಗ ಹೆಚ್ಚುತ್ತಾ ಹೆಚ್ಚುತ್ತಾ ಹೋಗಿ ಕೊನೆಗೆ ಚಪ್ಪಾಳೆ. ಹೋದ ವರ್ಷ ದಕ್ಷಿಣ ಬೆಂಗಳೂರಿನ ಒಂದು ಸಭಾಂಗಣದಲ್ಲಿ ತತ್ವಪದಗಳ ಇಂಥದ್ದೇ ಕಾರ್ಯಕ್ರಮಕ್ಕೆ ಹೋಗಿದ್ದೆ. ಹಾಡಿದವರಿಗೆ ಒಳ್ಳೆಯ ಕಂಠ ಇತ್ತು. ಆದರೆ ಪದದ ಒಂದು ಮಾತೂ ಕಿವಿಗೆ ಬೀಳಲಿಲ್ಲ. ತತ್ವಪದದಲ್ಲಿ ಮಾತೇ ಕೇಳಿಸದಿದ್ದರೆ ಏನು ಉಳಿಯಿತು ಹೇಳಿ? ಬೇಸ್ ಗಿಟಾರಿನ ಸದ್ದು ಮಾತ್ರ ಎದೆಗೆ ಗುದ್ದುತ್ತಿತ್ತು. ಅಲ್ಲಿಂದ ಎದ್ದು ಬಂದವರಲ್ಲಿ ನಾನೂ ಒಬ್ಬಳು.

ಆದರೆ ತಪ್ಪು ಬೆರೆಸಿದ್ದರಲ್ಲಿ ಇಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಹಾಡು ಪೂರ್ತಿ ಗೊತ್ತಾಗುವ ಮೊದಲೇ ಬೆರೆಸಲು ಹೊರಟಿದ್ದು ತಪ್ಪು. ಇದನ್ನು ಹೇಳಲು ನನ್ನ ಹತ್ತಿರ ಒಂದು ಆಲ್ಬಂ ಇದೆ. ನನ್ನ ಅಕ್ಕನ ಮಗ, ಪಿಯಾನೋ ನುಡಿಸುವ ಹುಡುಗ, "ಚಿಕ್ಕಮ್ಮಾ, ನೀವು ಪಿಟೀಲು ಕಲಿತವರು, ಇದನ್ನ ಕೇಳ್ಲೇಬೇಕು" ಅಂತ ಕಳಿಸಿದ್ದು. ಹೆಸರು ಪೆಗೀಸ್ ಡ್ರೀಮ್, 2023ರದು. ಐರ್ಲೆಂಡಿನ ಪಿಟೀಲುಗಾರ ಮಾರ್ಟಿನ್ ಹೇಯ್ಸ್ ಮತ್ತು ಅವರು ಕಟ್ಟಿದ ಕಾಮನ್ ಗ್ರೌಂಡ್ ಅನ್ನುವ ತಂಡದ್ದು. ಐರಿಷ್ ಸಾಂಪ್ರದಾಯಿಕ ಸಂಗೀತ, ಜಾಜ್, ಪಾಶ್ಚಾತ್ಯ ಚೇಂಬರ್ ಸಂಗೀತ ಮೂರೂ ಅದರಲ್ಲಿ ಸೇರಿವೆ.

ಯಾರ್ಯಾರು ಇದ್ದಾರೆ ನೋಡಿ. ಪಿಯಾನೋದಲ್ಲಿ ಕೊರ್ಮಾಕ್ ಮೆಕಾರ್ಥಿ, ಜಾಜ್‌ನಲ್ಲಿ ಪಳಗಿದ ಕೈ. ಪಿಟೀಲಿನದೇ ಜಾತಿಯ, ದೊಡ್ಡ ಗಾತ್ರದ, ತಗ್ಗು ದನಿಯ ಚೆಲ್ಲೋದಲ್ಲಿ ಕೇಟ್ ಎಲಿಸ್, ಹೊಸಕಾಲದ ಶಾಸ್ತ್ರೀಯ ರಚನೆಗಳನ್ನು ನುಡಿಸುವ ಕ್ರ್ಯಾಶ್ ಆನ್ಸಾಂಬ್ಲ್ ತಂಡದವರು. ಗಿಟಾರ್ ನುಡಿಸುವ ಕೈಲ್ ಸಾನಾ ನ್ಯೂಯಾರ್ಕಿನವರು. ಬ್ರಯನ್ ಡೊನೆಲನ್ ಅವರದು ಬುಝೂಕಿ ಅನ್ನುವ ಉದ್ದ ಕುತ್ತಿಗೆಯ ತಂತಿವಾದ್ಯ, ಕಾನ್ಸರ್ಟೀನಾ ಅನ್ನುವ ಕೈಯಲ್ಲಿ ಹಿಡಿದು ತಿದಿ ಒತ್ತುವ ಪುಟ್ಟ ವಾದ್ಯ, ಜೊತೆಗೆ ಹಾರ್ಮೋನಿಯಂ. ಹೌದು, ಹಾರ್ಮೋನಿಯಂ! ನಮ್ಮ ಭಜನೆ ಮನೆ, ಕಂಪನಿ ನಾಟಕದ ಪೆಟ್ಟಿಗೆಯನ್ನು ನೆನಪಿಸುವ ವಾದ್ಯ ಅಲ್ಲಿ ಚೆಲ್ಲೋದ ಪಕ್ಕದಲ್ಲಿ ಕೂತಿದೆ. ಇಡೀ ತಂಡದಲ್ಲಿ ಡ್ರಮ್ ಇಲ್ಲ. ಲಯವನ್ನೆಲ್ಲ ಹೇಯ್ಸ್ ಅವರ ಕಮಾನೇ ಹೊತ್ತುಕೊಂಡಿದೆ, ಅದಕ್ಕೆ ಗಿಟಾರು, ಬುಝೂಕಿ, ಪಿಯಾನೋ ಹೆಗಲು ಕೊಡುತ್ತವೆ.

ಐರಿಷ್ ಸಂಗೀತದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ಇದು ಮೂಲದಲ್ಲಿ ಕುಣಿತದ ಸಂಗೀತ. ಹಳ್ಳಿ ಮನೆಗಳ ಅಡುಗೆಕೋಣೆಯಲ್ಲಿ, ಒಲೆಯ ಮುಂದೆ, ಜನ ಸೇರಿ ಕುಣಿಯುತ್ತಿದ್ದರು, ಮೂಲೆಯಲ್ಲಿ ಒಬ್ಬ ಪಿಟೀಲು ನುಡಿಸುತ್ತಿದ್ದ. ಒಂದೊಂದು ಕುಣಿತಕ್ಕೆ ಒಂದೊಂದು ನಡೆ. ರೀಲ್ ಅಂದರೆ ನಾಲ್ಕರ ನಡೆ. ಜಿಗ್ ಅಂದರೆ ಮೂರು ಮೂರಾಗಿ ಆರು, ನಮ್ಮ ತಿಶ್ರದ ಹಾಗೆ. ಸ್ಲಿಪ್ ಜಿಗ್ ಅನ್ನುವುದರಲ್ಲಿ ಮೂರರ ಮೂರು ಗುಂಪು, ಒಟ್ಟು ಒಂಬತ್ತು. ಧಾಟಿ ಸಾಮಾನ್ಯವಾಗಿ ಎರಡು ಭಾಗ, ಒಂದೊಂದು ಭಾಗ ಎಂಟು ಮಾತ್ರಾಗಣ, ಎರಡನ್ನೂ ಎರಡೆರಡು ಸಲ ನುಡಿಸಿದರೆ ಒಂದು ಸುತ್ತು. ಹಾಗೆ ಎರಡು ಮೂರು ಸುತ್ತು ಹೋಗಿ, ನಿಲ್ಲಿಸದೆ ಇನ್ನೊಂದು ಧಾಟಿಗೆ ಜಾರುತ್ತಾರೆ. ಆ ಜಾರುವ ಗಳಿಗೆಯಲ್ಲಿ ಮೈ ಜುಂ ಅನ್ನುತ್ತದೆ, ಕೇಳಿದವರಿಗೇ ಗೊತ್ತು.

ಸ್ವರಗಳ ಲೆಕ್ಕವೂ ನಮಗೆ ಹೊಸದಲ್ಲ. ಬಹಳಷ್ಟು ಧಾಟಿಗಳು ನಮ್ಮ ಶಂಕರಾಭರಣದ ಸ್ವರಗಳಲ್ಲೇ ಇವೆ. ಇನ್ನೊಂದಿಷ್ಟು ಹರಿಕಾಂಭೋಜಿಯವು, ಮತ್ತೊಂದಿಷ್ಟು ಖರಹರಪ್ರಿಯದವು, ಕೆಲವು ನಟಭೈರವಿಯವು. ರಾಗ ಒಂದೇ ಅಂತ ನಾನು ಹೇಳುತ್ತಿಲ್ಲ, ಮೆಟ್ಟಿಲು ಒಂದೇ ಅಷ್ಟೆ. ಗಮಕದಲ್ಲಿ ದೊಡ್ಡ ವ್ಯತ್ಯಾಸ ಇದೆ. ನಾವು ಸ್ವರದಿಂದ ಸ್ವರಕ್ಕೆ ಬೆರಳು ಜಾರಿಸುತ್ತೇವೆ, ತೂಗುತ್ತೇವೆ. ಅವರು ಬೆರಳನ್ನು ಕ್ಷಣಮಾತ್ರ ತಂತಿಗೆ ತಾಗಿಸಿ ಎತ್ತುತ್ತಾರೆ, ಮುಖ್ಯ ಸ್ವರದ ಮೇಲಿನ ಸ್ವರ, ಕೆಳಗಿನ ಸ್ವರ ಚಿಟಿಕೆ ಹೊಡೆದ ಹಾಗೆ ಬಂದು ಹೋಗುತ್ತವೆ. ಅದಕ್ಕೆ ರೋಲ್ ಅನ್ನುತ್ತಾರೆ. ನಾವು ಕೆಳಗೆ ಕೂತು ಪಿಟೀಲಿನ ತಲೆಯನ್ನು ಪಾದದ ಮೇಲೆ ಇಟ್ಟು ಸ ಪ ಸ ಪಕ್ಕೆ ಶ್ರುತಿ ಮಾಡುತ್ತೇವೆ, ಅವರು ಕುರ್ಚಿಯಲ್ಲಿ ಕೂತು ಗದ್ದದ ಕೆಳಗೆ ಹಿಡಿದು ಜಿ ಡಿ ಎ ಇ ಅಂತ ಪಾಶ್ಚಾತ್ಯ ಕ್ರಮದಲ್ಲೇ ಶ್ರುತಿ ಮಾಡುತ್ತಾರೆ. ವಾದ್ಯ ಒಂದೇ, ಬದುಕು ಬೇರೆ.

ಮುಖ್ಯವಾದ ಇನ್ನೊಂದು ವಿಷಯ. ಈ ಸಂಗೀತ ನಮ್ಮ ಸಂಗೀತದ ಹಾಗೆಯೇ ಒಂಟಿ ಎಳೆಯದು. ಪಬ್ಬಿನ ಮೂಲೆಯಲ್ಲಿ ಹತ್ತು ಜನ ಕೂತು ನುಡಿಸಿದರೂ ಎಲ್ಲರೂ ಅದೇ ಧಾಟಿಯನ್ನೇ ನುಡಿಸುತ್ತಾರೆ, ಅವರವರ ಬೆರಳಿನ ಚಿಕ್ಕಪುಟ್ಟ ವ್ಯತ್ಯಾಸದ ಜೊತೆ. ಕೆಳಗೆ ಕಾರ್ಡ್ ಹಾಕುವ ಪದ್ಧತಿ ಬೇರೂರಿದ್ದು ಬಹುಮಟ್ಟಿಗೆ ಇಪ್ಪತ್ತನೇ ಶತಮಾನದಲ್ಲಿ. ಹಾಗಾಗಿ ಪಿಯಾನೋ ತಂದು ಪಕ್ಕದಲ್ಲಿಡುವುದು ಅವರಿಗೂ ಸುಲಭದ ಮಾತಲ್ಲ. ಒಂದೇ ಧಾಟಿಯ ಕೆಳಗೆ ಬೇರೆ ಬೇರೆ ಕಾರ್ಡ್ ಹಾಕಿದರೆ ಅದರ ಮುಖವೇ ಬದಲಾಗುತ್ತದೆ. ಸಂತೋಷದ ಧಾಟಿ ದುಃಖದ್ದಾಗಬಹುದು. ಜಾಜ್ ಪಿಯಾನೋದವರ ಹತ್ತಿರ ಅಂಥ ಕಾರ್ಡುಗಳ ದೊಡ್ಡ ಭಂಡಾರವೇ ಇರುತ್ತದೆ, ಕೈ ತಡೆಯುವುದು ಕಷ್ಟ. ಈ ಆಲ್ಬಮ್ಮಿನಲ್ಲಿ ನನಗೆ ಹಿಡಿಸಿದ್ದೇ ಆ ತಡೆ. ಧಾಟಿ ಮೊದಲ ಸುತ್ತಿನಲ್ಲಿ ಏನು ಹೇಳಿತೋ ಅದನ್ನು ಕೇಳಿಸಿಕೊಂಡು, ಆಮೇಲೆ ಒಂದೊಂದೇ ಬಣ್ಣ ಸೇರಿಸುತ್ತಾರೆ. ಧಾಟಿ ಮನೆಯ ಹಿರಿಯಳು, ಉಳಿದವರು ಅವಳು ಬಡಿಸಿದ ಮೇಲೆ ಊಟಕ್ಕೆ ಕೈ ಹಾಕುವ ಬಂಧುಗಳು, ಅಂಥ ಒಂದು ಮರ್ಯಾದೆ ಅಲ್ಲಿದೆ.

ಚೇಂಬರ್ ಸಂಗೀತದ ಪಾಲು ಯಾವುದು ಅಂತ ಕೇಳಬಹುದು. ಚೇಂಬರ್ ಅಂದರೆ ಕೋಣೆಯ ಸಂಗೀತ. ಕೆಲವೇ ವಾದ್ಯ, ಮುಂದೆ ಕೋಲು ಹಿಡಿದು ನಿಲ್ಲುವ ನಿರ್ದೇಶಕ ಇಲ್ಲ, ಪ್ರತಿ ವಾದ್ಯಕ್ಕೂ ತನ್ನದೇ ಸಾಲು, ಎಲ್ಲರೂ ಒಬ್ಬರನ್ನೊಬ್ಬರು ಕೇಳಿಸಿಕೊಂಡೇ ಮುಂದೆ ಹೋಗಬೇಕು. ಚೆಲ್ಲೋ ಪಿಟೀಲಿನ ಕೆಳಗೆ ಬೇರೆಯೇ ಒಂದು ಎಳೆ ಎಳೆಯುತ್ತದೆ, ಪಿಟೀಲಿನ ನೆರಳಾಗಿ ಹಿಂಬಾಲಿಸುವುದಿಲ್ಲ. ಜೋರು, ಮೆಲ್ಲಗೆ ಅನ್ನುವುದರ ನಡುವೆ ಎಷ್ಟು ಹಂತ ಇವೆ ಅಂತ ಈ ಆಲ್ಬಂ ಕೇಳಿದರೆ ಗೊತ್ತಾಗುತ್ತದೆ. ನಮ್ಮ ಕಛೇರಿಗಳಲ್ಲಿ ಈ ಮೆಲ್ಲಗೆ ಅನ್ನುವುದು ಮೈಕಿನ ದೆಸೆಯಿಂದ ಪೂರ್ತಿ ಹೋಗಿಬಿಟ್ಟಿದೆ, ಇದು ನನ್ನ ಹಳೆಯ ದೂರು, ಈಗ ಬೇಡ. ಒಂದು ಮಾತು ಮಾತ್ರ. ಮೆಟ್ರೋದಲ್ಲಿ, ಬಿಎಂಟಿಸಿ ಬಸ್ಸಿನಲ್ಲಿ ಇದನ್ನು ಕೇಳಬೇಡಿ, ಆ ಗದ್ದಲದಲ್ಲಿ ಚೆಲ್ಲೋದ ಕೆಳಗಿನ ಸ್ವರ ಕಳೆದೇಹೋಗುತ್ತದೆ. ರಾತ್ರಿ ಮನೆಯಲ್ಲಿ, ಎಲ್ಲ ಕೆಲಸ ಮುಗಿದ ಮೇಲೆ ಕೇಳಿ.

ಮಾರ್ಟಿನ್ ಹೇಯ್ಸ್ ಇಲ್ಲಿಗೆ ಬಂದ ದಾರಿ ತಿಳಿದರೆ ನನ್ನ ವಾದ ಇನ್ನೂ ಸ್ಪಷ್ಟವಾಗುತ್ತದೆ. 1962ರಲ್ಲಿ ಹುಟ್ಟಿದವರು, ಪಶ್ಚಿಮ ಐರ್ಲೆಂಡಿನ ಕ್ಲೇರ್ ಕೌಂಟಿಯ ರೈತರ ಮನೆ. ತಂದೆ ಪಿ.ಜೆ. ಹೇಯ್ಸ್ ಟಲ್ಲಾ ಕೇಲಿ ಬ್ಯಾಂಡ್ ಅನ್ನುವ ಕುಣಿತದ ವಾದ್ಯಮೇಳವನ್ನು ಬಹಳ ವರ್ಷ ನಡೆಸಿದವರು. 1946ರಲ್ಲಿ ಶುರುವಾದ ಮೇಳ ಅದು. ಮಗ ತಂದೆಯಿಂದಲೇ ಕಲಿತು, ಚಿಕ್ಕ ವಯಸ್ಸಿನಲ್ಲೇ ಅದೇ ಮೇಳದಲ್ಲಿ ನುಡಿಸಿ, ಅಖಿಲ ಐರ್ಲೆಂಡ್ ಸ್ಪರ್ಧೆಯನ್ನು ಆರು ಸಲ ಗೆದ್ದರು. ಆಮೇಲೆ ಅಮೆರಿಕಕ್ಕೆ ಹೋಗಿ ಶಿಕಾಗೋದಲ್ಲಿ ರಾಕ್ ಬ್ಯಾಂಡ್ ಕೂಡ ಕಟ್ಟಿದರು. ಆ ಬ್ಯಾಂಡಿನ ಗೆಳೆಯ, ಗಿಟಾರಿನ ಡೆನಿಸ್ ಕಾಹಿಲ್ ಜೊತೆ ಮುಂದೆ ಇಬ್ಬರೇ ಕೂತು ಧಾಟಿಗಳನ್ನು ನಿಧಾನ ಮಾಡಿ, ಬಿಡಿಸಿ ಬಿಡಿಸಿ ನುಡಿಸತೊಡಗಿದರು. ಸಿಯಾಟಲ್‌ನಲ್ಲಿ ಅವರು ನುಡಿಸಿದ ಕಛೇರಿಯ ಆಲ್ಬಂ 1999ರಲ್ಲಿ ಬಂತು. ಅದರಲ್ಲಿ ಒಂದು ಸರಣಿ ಅರ್ಧ ಗಂಟೆಯ ಹತ್ತಿರ ನಿಲ್ಲದೆ ಹೋಗುತ್ತದೆ, ಒಂದು ಧಾಟಿಯಿಂದ ಇನ್ನೊಂದಕ್ಕೆ, ಮೆಲ್ಲಗೆ ಶುರುವಾಗಿ ಕೊನೆಗೆ ಹಾರಿಹೋಗುವ ಹಾಗೆ. ನಾವು ರಾಗ ವಿಸ್ತಾರ ಅನ್ನುತ್ತೇವಲ್ಲ, ಆ ತಾಳ್ಮೆ ಅದರಲ್ಲಿದೆ. ಕಾಹಿಲ್ 2022ರಲ್ಲಿ ತೀರಿಕೊಂಡರು. ಅವರಿಬ್ಬರೂ ಇದ್ದ ಗ್ಲೋಮಿಂಗ್ ಅನ್ನುವ ಐವರ ತಂಡದ ಮೊದಲ ಆಲ್ಬಂ 2014ರದು, ಅಲ್ಲೂ ಪಿಯಾನೋ ಇದೆ. 2019ರಲ್ಲಿ ಬ್ರೂಕ್ಲಿನ್ ರೈಡರ್ ಅನ್ನುವ ನಾಲ್ವರು ತಂತಿವಾದ್ಯದವರ ಜೊತೆ ಇನ್ನೊಂದು. ಅದಾದ ಮೇಲೆ ಈ ಪೆಗೀಸ್ ಡ್ರೀಮ್. ಇಷ್ಟು ದಾರಿ ನಡೆದು ಬಂದವರ ಕೈಯಲ್ಲಿ ಧಾಟಿ ಕೆಡುತ್ತದೆ ಅಂತ ಯಾರು ಹೆದರಬೇಕು?

ಇನ್ನೊಂದು ವಿಷಯ ನಮ್ಮ ಓದುಗರಿಗೆ ಗೊತ್ತಾಗಬೇಕು. ಐರ್ಲೆಂಡಿನಲ್ಲಿ ಈ ಧೈರ್ಯ ಒಬ್ಬರಿಗೆ ಸುಮ್ನೆ ಬಂದದ್ದಲ್ಲ. 1935ರಲ್ಲಿ ಅಲ್ಲಿನ ಸರ್ಕಾರ ಕುಣಿತದ ಸಭೆಗಳಿಗೆ ಲೈಸೆನ್ಸ್ ಬೇಕು ಅಂತ ಕಾನೂನು ತಂದಿತು, ಮನೆ ಮನೆಯ ಕುಣಿತಕ್ಕೆ ಅದರಿಂದ ದೊಡ್ಡ ಪೆಟ್ಟು ಬಿತ್ತು. ಊರಿನ ಯುವಕರು ಕೆಲಸ ಹುಡುಕಿ ಇಂಗ್ಲೆಂಡು, ಅಮೆರಿಕಕ್ಕೆ ಹೋದರು. ಹಳ್ಳಿಯ ಪಿಟೀಲು ಕೇಳುವವರು ಕಡಿಮೆಯಾದರು. ಆಗ ಉಳಿಸಿದ್ದು ಎರಡು ಕೆಲಸ. ಒಂದು, ಅದಕ್ಕೂ ಮೊದಲೇ ಆಗಿದ್ದ ಸಂಗ್ರಹ. ಐರ್ಲೆಂಡಿನಿಂದ ವಲಸೆ ಹೋಗಿ ಶಿಕಾಗೋದಲ್ಲಿ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ ಎಂಬವರು ತಮ್ಮ ಹಾಗೆ ಬಂದವರಿಂದ ಧಾಟಿಗಳನ್ನು ಕೇಳಿ ಕೇಳಿ ಕಲೆಹಾಕಿದರು. ಅವರಿಗೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ, ಅವರ ಇಲಾಖೆಯಲ್ಲೇ ಇದ್ದ ಇನ್ನೊಬ್ಬ ಓನೀಲ್ ಕೂತು ಬರೆದರು. 1903ರಲ್ಲಿ 1,850 ಧಾಟಿಗಳ ಪುಸ್ತಕ ಬಂತು. ಇವತ್ತಿಗೂ ಪಿಟೀಲುಗಾರರು ಅದನ್ನು ತೆರೆಯುತ್ತಾರೆ. ಎರಡನೆಯದು, ಕಲಿಸುವುದು. 1951ರಲ್ಲಿ ಸಂಗೀತಗಾರರೇ ಸೇರಿ ಒಂದು ಸಂಘ ಕಟ್ಟಿ, ಊರೂರಲ್ಲಿ ಶಾಖೆ ಮಾಡಿ, ಮಕ್ಕಳಿಗೆ ಕಲಿಸಿ, ಸ್ಪರ್ಧೆ ಇಟ್ಟರು.

ಇಷ್ಟು ಗಟ್ಟಿ ನೆಲ ಇದ್ದಿದ್ದರಿಂದಲೇ ಸಂಯೋಜಕ ಶಾನ್ ಓ ರಿಯಾಡಾ 1959ರಲ್ಲಿ ಹಳೆಯ ಧಾಟಿಗಳನ್ನು ಇಡೀ ಆರ್ಕೆಸ್ಟ್ರಾಕ್ಕೆ ಬರೆದು ಒಂದು ಸಾಕ್ಷ್ಯಚಿತ್ರಕ್ಕೆ ಕೊಟ್ಟಾಗ ದೇಶಕ್ಕೆ ದೇಶವೇ ಎದ್ದು ಕೂತು ಕೇಳಿತು. ಅವರೇ ಮುಂದೆ ಹಳ್ಳಿಯ ವಾದ್ಯಗಾರರನ್ನು ಸಭಾಂಗಣದ ವೇದಿಕೆಗೆ ಕರೆತಂದು ಜೊತೆಗೆ ಪಿಯಾನೋಗಿಂತ ಹಳೆಯದಾದ ಹಾರ್ಪ್ಸಿಕಾರ್ಡ್ ಅನ್ನುವ ಕೀಲಿಮಣೆ ವಾದ್ಯ ನುಡಿಸಿದರು. ಆ ತಂಡದಿಂದಲೇ ಚೀಫ್‌ಟನ್ಸ್ ಅನ್ನುವ ಹೆಸರಾಂತ ತಂಡ ಬಂತು. ಆಮೇಲೆ ಪಿಯಾನೋ ಮತ್ತು ಚೇಂಬರ್ ಆರ್ಕೆಸ್ಟ್ರಾ ಸೇರಿಸಿ ಮೀಹಾಲ್ ಓ ಸೂಲಿವಾನ್ ಕೆಲಸ ಮಾಡಿದರು. ಬುಝೂಕಿ ಗ್ರೀಸ್ ದೇಶದ ವಾದ್ಯ, 1960ರ ದಶಕದಲ್ಲಿ ಐರಿಷ್ ಸಂಗೀತಕ್ಕೆ ಬಂತು, ಈಗ ಎಷ್ಟೋ ಕೂಟಗಳಲ್ಲಿ ಅದು ಇರುತ್ತದೆ.

ಹೊರಗಿನ ವಾದ್ಯ ಒಳಗಿನದಾಗುವುದು ನಮಗೇನು ಹೊಸದೇ? ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ನರ ಪಿಟೀಲನ್ನು ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಮದ್ರಾಸಿನ ಕೋಟೆಯ ಬ್ಯಾಂಡು ನುಡಿಸುತ್ತಿದ್ದ ಧಾಟಿಗಳನ್ನು ಕೇಳಿ ಅವಕ್ಕೆ ಸಂಸ್ಕೃತ ಸಾಹಿತ್ಯ ಹಾಕಿದರು. ನೊಟ್ಟುಸ್ವರ ಅಂತ ನಾವು ಮಕ್ಕಳಿಗೆ ಹೇಳಿಕೊಡುತ್ತೇವಲ್ಲ, ಅವೇ. ಅದರಲ್ಲಿ ವಂದೇ ಮೀನಾಕ್ಷಿ ಎಂಬುದರ ಧಾಟಿ ರೇಕ್ಸ್ ಆಫ್ ಮ್ಯಾಲೋ. ಮ್ಯಾಲೋ ಇರುವುದು ಐರ್ಲೆಂಡಿನ ಕಾರ್ಕ್ ಕೌಂಟಿಯಲ್ಲಿ! ಇನ್ನೂರು ವರ್ಷದ ಹಿಂದೆಯೇ ನಮ್ಮ ತ್ರಿಮೂರ್ತಿಗಳಲ್ಲಿ ಒಬ್ಬರು ಐರಿಷ್ ಧಾಟಿಯೊಂದನ್ನು ಮಧುರೆಯ ಮೀನಾಕ್ಷಿಗೆ ಒಪ್ಪಿಸಿದ್ದಾರೆ. ಇದರಿಂದ ಶಂಕರಾಭರಣ ಕೆಟ್ಟಿತೇ? ಬಸವನಗುಡಿಯ ಎಷ್ಟು ಮನೆಗಳಲ್ಲಿ ಮಕ್ಕಳು ಇದನ್ನು ಹಾಡಿಲ್ಲ? ಶಂಕರಾಭರಣ ಅವರ ಉಸಿರಾಗಿತ್ತು, ಅದಕ್ಕೇ ಅವರ ಕೈಗೆ ಬಂದದ್ದು ಹಾಳಾಗಲಿಲ್ಲ.

ಮೈಸೂರಿನ ಕಡೆ ನೋಡಿ. ಜಯಚಾಮರಾಜೇಂದ್ರ ಒಡೆಯರ್ 94 ಕೃತಿಗಳನ್ನು ರಚಿಸಿದವರು, ಶ್ರೀವಿದ್ಯೆ ಎಂಬ ದೇವಿಯ ಉಪಾಸನೆಯಲ್ಲಿ ಮುಳುಗಿದ್ದವರು. ಅವರೇ ರಷ್ಯದ ಮೆಟ್ನರ್ ಎಂಬ ಸಂಯೋಜಕರ ಪಿಯಾನೋ ಕೃತಿಗಳು ಲಂಡನ್ನಿನಲ್ಲಿ ರೆಕಾರ್ಡ್ ಆಗಲು ಹಣ ಕೊಟ್ಟರು. ಎರಡು ಕಿವಿಯೂ ತೆರೆದಿದ್ದವು.

ಬೆಂಗಳೂರಿನದೇ ಉದಾಹರಣೆ ಬೇಕಾದರೆ 1983ರ ಜ್ಯೋತಿ ಅನ್ನುವ ಆಲ್ಬಂ ಇದೆ. ಅಮೆರಿಕದ ಜಾಜ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮಾರಿಯಾನೋ ಮತ್ತು ನಮ್ಮ ಊರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಸೇರಿ ಮಾಡಿದ್ದು, ಜರ್ಮನಿಯ ಇಸಿಎಂ ಕಂಪನಿ ಹೊರತಂದಿದ್ದು. ಆರ್.ಎ. ರಮಾಮಣಿ ಅವರ ಕಂಠ, ಟಿ.ಎ.ಎಸ್. ಮಣಿ ಅವರ ಮೃದಂಗ. ಮಾರಿಯಾನೋ ಅದಕ್ಕೆ ಮೊದಲೇ ನಾಗಸ್ವರ ಕಲಿತಿದ್ದರು. ಒಬ್ಬ ಜಾಜ್‌ನವರು ಕೂತು ನಾಗಸ್ವರ ಕಲಿಯುತ್ತಾರೆ ಅಂದರೆ ಅವರು ಬೆರೆಸುವ ಆತುರದಲ್ಲಿ ಇರಲಿಲ್ಲ ಅಂತ ತಾನೇ ಅರ್ಥ? ಇಷ್ಟು ಒಳ್ಳೆಯ ಕೆಲಸ ನಮ್ಮ ಊರಿನವರ ಕೈಯಿಂದ ಆಗಿದೆ, ಆದರೆ ಕನ್ನಡದಲ್ಲಿ ಅದರ ಬಗ್ಗೆ ಒಂದು ಪುಟದ ಬರಹ ಸಿಗುವುದೂ ಕಷ್ಟ. ನಿಮ್ಮ ಲೇಖನದಲ್ಲೂ ಅದರ ಹೆಸರು ಬಂದಿರಲಿಲ್ಲ, ಅದೇ ನನಗೆ ಜಾಸ್ತಿ ಬೇಜಾರಾಗಿದ್ದು.

ಲೇಖಕರು ಎತ್ತಿದ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಪಿಯಾನೋದಲ್ಲಿ ಗಮಕ ಬರುವುದಿಲ್ಲ, ಸ್ವರಗಳ ನಡುವಿನ ಜಾಗ ಅದಕ್ಕೆ ಸಿಗುವುದಿಲ್ಲ ಅಂತ ಬರೆದಿದ್ದಾರೆ. ನಿಜ. ಹಾರ್ಮೋನಿಯಂ ಮೇಲೂ ಇದೇ ದೂರಿತ್ತು, ಆಕಾಶವಾಣಿ 1940ರಲ್ಲಿ ಅದನ್ನು ಬಹಿಷ್ಕರಿಸಿ 1971ರವರೆಗೆ ಹೊರಗಿಟ್ಟಿತ್ತು. ತೋಡಿ ರಾಗದ ಕೆಳಗೆ ಕಾರ್ಡ್ ಹಾಕುತ್ತೇನೆ ಅಂತ ಯಾರಾದರೂ ಬಂದರೆ ನಾನೂ ಬೇಡಪ್ಪಾ ಅನ್ನುತ್ತೇನೆ. ಆದರೆ ಐರಿಷ್‌ನಲ್ಲೂ ಈ ತೊಡಕು ಇದೆ ಅನ್ನುವುದು ಅವರ ಗಮನಕ್ಕೆ ಬಂದಿಲ್ಲ. ಹಳೆಯ ಪಿಟೀಲುಗಾರರು, ಬ್ಯಾಗ್‌ಪೈಪ್ ನುಡಿಸುವವರು ಕೆಲವು ಸ್ವರಗಳನ್ನು ಪಿಯಾನೋದ ಎರಡು ಕೀಲಿಗಳ ಮಧ್ಯೆ ಎಲ್ಲೋ ನುಡಿಸುತ್ತಾರೆ, ಅದರಲ್ಲೇ ಆ ಸಂಗೀತದ ಊರಿನ ರುಚಿ ಇರುವುದು. ಅಂಥ ಜಾಗದಲ್ಲಿ ಪಿಯಾನೋ ಆ ಸ್ವರವನ್ನು ಒತ್ತದೆ ಬಿಟ್ಟುಬಿಡಬೇಕು. ಯಾವುದನ್ನು ನುಡಿಸಬಾರದು ಅಂತ ತಿಳಿಯಲು ಧಾಟಿ ಒಳಗಿನಿಂದ ಗೊತ್ತಿರಬೇಕು, ನಾನು ಮೊದಲಿನಿಂದ ಹೇಳುತ್ತಿರುವುದೂ ಅದನ್ನೇ.

ಈಗ ನಮ್ಮ ತತ್ವಪದ, ಮಾದೇಶ್ವರನ ಪದ, ಸೋಬಾನೆ ಪದಗಳಿಗೆ ಬರೋಣ. ಇವು ತೋಡಿಯ ಹಾಗೆ ಗಮಕದ ಮೇಲೇ ನಿಂತಿಲ್ಲ. ಎಷ್ಟೋ ಪದಗಳು ನಾಲ್ಕೈದು ಸ್ವರದಲ್ಲೇ ಮುಗಿಯುತ್ತವೆ. ಏಕತಾರಿಯ ಒಂದೇ ಸ್ವರ, ದಮ್ಮಡಿಯ ಏಟು, ಕಂಸಾಳೆಯ ನಾದ, ನೀಲಗಾರರ ತಂಬೂರಿ. ಇದರ ಪಕ್ಕದಲ್ಲಿ ಒಂದು ಚೆಲ್ಲೋ ಮೆಲ್ಲಗೆ ಕೂತರೆ ಹೇಗಿರುತ್ತದೆ ಅಂತ ಯೋಚಿಸಿ. ನನಗಂತೂ ಆಸೆಯಾಗುತ್ತದೆ. ಶರೀಫರ ಒಂದು ಪದ, ಅದರ ಮಾತು ಒಂದೂ ಕಳೆಯದೆ, ಪ್ರತಿ ಚರಣಕ್ಕೂ ಪಿಯಾನೋ ಒಂದು ಕಾರ್ಡ್ ಮಾತ್ರ ಬದಲಿಸುತ್ತಾ, ಪಿಟೀಲು ಸಾಲುಗಳ ನಡುವಿನ ಉಸಿರಿನಲ್ಲಿ ಮಾತ್ರ ಬರುತ್ತಾ. ಡ್ರಮ್ ಸೆಟ್ ಬೇಡ. ವೇಗ ಬೇಡ.

ಆದರೆ ಓನೀಲ್ ಮಾಡಿದ ಕೆಲಸ ನಮ್ಮಲ್ಲಿ ಅರ್ಧಕ್ಕೇ ನಿಂತಿದೆ. ನಮ್ಮ ಜಾನಪದ ವಿದ್ವಾಂಸರು ಹಳ್ಳಿ ಹಳ್ಳಿ ಸುತ್ತಿ ಪದಗಳನ್ನು ಬರೆದುಕೊಂಡರು, ಸಂಪುಟಗಟ್ಟಲೆ ಅಚ್ಚಾಗಿವೆ, ಅವರ ಋಣ ದೊಡ್ಡದು. ಪುಸ್ತಕ ತೆರೆದರೆ ಸಾಹಿತ್ಯ ಇರುತ್ತದೆ, ಮಟ್ಟು ಇರುವುದು ಅಪರೂಪ. ಸ್ವರ ಹಾಕಿದ ಸಂಗ್ರಹಗಳು ಕೈಬೆರಳೆಣಿಕೆ. ಹಾಡಿದ ಅಜ್ಜಿ ಹೋದರೆ ಪದ ಪುಸ್ತಕದಲ್ಲಿ ಉಳಿಯುತ್ತದೆ, ಅವಳು ಯಾವ ಸ್ವರದ ಮೇಲೆ ನಿಂತು ಉಸಿರು ಎಳೆದಳು ಅನ್ನುವುದು ಅವಳ ಜೊತೆಗೇ ಹೋಗುತ್ತದೆ. ಹೀಗಿರುವಾಗ ನಮ್ಮ ಹುಡುಗರು ತತ್ವಪದ ಎತ್ತಿಕೊಂಡಾಗ ಅವರಿಗೆ ಸಿಗುವುದು ಯಾವುದು? ಸಿನಿಮಾದಲ್ಲಿ ಬಂದ ಧಾಟಿ, ಇಲ್ಲ ಕ್ಯಾಸೆಟ್ ಕಾಲದ ಒಂದೇ ಧಾಟಿ. ಅದನ್ನೇ ಇನ್ನೂ ಜೋರು ಮಾಡುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ, ಕೈಗೆ ಸಿಕ್ಕಿದ್ದೇ ಅಷ್ಟು.

ಕೇಳಲು ಜಾಗ ಇಲ್ಲ ಅಂತಲ್ಲ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಹತ್ತಿರ, ಮೈಸೂರು ರಸ್ತೆಯಲ್ಲೇ ಇದೆ. ಅಲ್ಲಿ ಧ್ವನಿಮುದ್ರಣಗಳ ಭಂಡಾರ ಇದೆ. ಬೆಂಗಳೂರಿನಲ್ಲಿ ಫ್ಯೂಷನ್ ಮಾಡುವ ಪ್ರತಿಯೊಂದು ತಂಡವೂ ಮೊದಲು ಅಲ್ಲಿಗೆ ಹೋಗಿ ಕೂತು ಕೇಳಲಿ, ಒಂದು ಪದದ ಬೇರೆ ಬೇರೆ ಊರಿನ ಧಾಟಿ ಹುಡುಕಲಿ, ಹಾಡುವವರನ್ನು ಕಂಡು ಮಾತಾಡಲಿ, ಆಮೇಲೆ ಗಿಟಾರ್ ತೆಗೆಯಲಿ. ಹಾಗೆ ಮಾಡುವವರು ಒಂದಿಬ್ಬರು ಈಗಾಗಲೇ ಇದ್ದಾರೆ, ಅವರಿಗೆ ವೇದಿಕೆ ಸಿಗುತ್ತಿಲ್ಲ. ಯಾಕಂದ್ರೆ ಅವರ ಸಂಗೀತಕ್ಕೆ ದೊಡ್ಡ ಸ್ಪೀಕರ್ ಬೇಡ, ಇನ್ನೂರು ಜನ ಕೂರುವ ಕೋಣೆ ಸಾಕು, ಅಂಥ ಕಾರ್ಯಕ್ರಮಕ್ಕೆ ಪ್ರಾಯೋಜಕರು ಬರುವುದಿಲ್ಲ. ಚೌಡಯ್ಯ ಸ್ಮಾರಕ ಭವನ ನನಗೆ ಪ್ರೀತಿಯ ಜಾಗ, ಪಿಟೀಲಿನ ಆಕಾರದಲ್ಲಿ ಒಂದು ಕಟ್ಟಡ ಕಟ್ಟಿದ ಊರು ಇದು ಅಂತ ಹೆಮ್ಮೆ ಇದೆ, ಆದರೆ ಈ ಬಗೆಯ ಸಂಗೀತಕ್ಕೆ ಅದು ದೊಡ್ಡದಾಯಿತು. ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಸಂಸ್ಥೆಯಂಥ ಸಭಾಂಗಣ ಸರಿ. ಮೈಕು ಕಡಿಮೆ, ಕುರ್ಚಿ ಹತ್ತಿರ ಹತ್ತಿರ, ಹಾಡುವವರ ಉಸಿರು ಕೇಳಬೇಕು.

ಸಂಪಾದಕರೇ, ನಿಮ್ಮ ಪತ್ರಿಕೆಯಿಂದ ಎರಡು ಕೆಲಸ ಆಗಬಹುದು ಅಂತ ಕೇಳಿಕೊಳ್ಳುತ್ತೇನೆ. ಪ್ರತಿ ವಾರ ಸಿನಿಮಾಕ್ಕೆ ಪುಟಗಟ್ಟಲೆ ಜಾಗ ಇದೆ, ಪುಸ್ತಕ ವಿಮರ್ಶೆಗೆ ಅರ್ಧ ಪುಟ ಇದೆ. ಆಲ್ಬಂ ವಿಮರ್ಶೆಗೆ ಒಂದು ಕಾಲಂ ಕೊಡಿ. ಎಲ್ಲಿ ನಡೆಯಿತು, ಯಾರು ದೀಪ ಬೆಳಗಿದರು, ಯಾರಿಗೆ ಶಾಲು ಹೊದಿಸಿದರು ಎಂಬ ವರದಿ ಸಾಕಾಗಿದೆ. ಏನು ಕೇಳಿಸಿತು ಅಂತ ಬರೆಯುವವರು ಬೇಕು. ಐರ್ಲೆಂಡಿನ ಆಲ್ಬಂ ಆಗಲಿ, ಮಾಲಿ ದೇಶದ್ದಾಗಲಿ, ಕೊಳ್ಳೇಗಾಲದ್ದಾಗಲಿ, ಕನ್ನಡದಲ್ಲಿ ಓದಲು ಸಿಗಲಿ. ಸಂಗೀತ ಕೇಳುವ ಕನ್ನಡಿಗರು ಇಂಗ್ಲಿಷ್ ಪತ್ರಿಕೆಗೇ ಯಾಕೆ ಹೋಗಬೇಕು? ಇನ್ನೊಂದು, ಮಟ್ಟುಗಳ ಸರಣಿ. ವಾರಕ್ಕೆ ಒಂದು ಜಾನಪದ ಗೀತೆ, ಸಾಹಿತ್ಯದ ಜೊತೆ ಸರಿಗಮದಲ್ಲಿ ಅದರ ಧಾಟಿ, ಯಾವ ಊರಿನಲ್ಲಿ ಹೀಗೆ ಹಾಡುತ್ತಾರೆ ಅನ್ನುವ ಒಂದು ಟಿಪ್ಪಣಿ, ಕೇಳಲು ಒಂದು ಕ್ಯೂಆರ್ ಕೋಡ್. ಸ್ವರ ಬರೆದುಕೊಡಲು ಈ ಊರಿನಲ್ಲಿ ನೂರಾರು ಸಂಗೀತ ಮೇಷ್ಟ್ರುಗಳು, ಟೀಚರುಗಳು ಇದ್ದಾರೆ. ನನ್ನ ಕೈಲಾದಷ್ಟು ನಾನೂ ಬರೆದುಕೊಡುತ್ತೇನೆ, ಸಂಭಾವನೆ ಬೇಡ.

ಆ ಲೇಖನ ಬರೆದವರಿಗೆ ಈ ಪತ್ರ ದಯವಿಟ್ಟು ತಲುಪಿಸಿ. ಪೆಗೀಸ್ ಡ್ರೀಮ್ ಒಂದು ಸಲ ಪೂರ್ತಿ ಕೇಳಲಿ, ಜೊತೆಗೆ ಜ್ಯೋತಿಯನ್ನೂ ಕೇಳಲಿ. ಆಮೇಲೂ ಅವರ ಅಭಿಪ್ರಾಯ ಹಾಗೇ ಇದ್ದರೆ ಯಾಕೆ ಅಂತ ವಿವರವಾಗಿ ಬರೆಯಲಿ, ಖಂಡಿತ ಓದುತ್ತೇನೆ, ಉತ್ತರವನ್ನೂ ಬರೆಯುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ,
ಹನುಮಂತನಗರ, ಬೆಂಗಳೂರು